ಇಜಿಆರ್‌ಗೆ ಪ್ಲೇಟ್ ಹೊಡೆಸುವ ಮುಂಚೆ ಒಮ್ಮೆ ಬಿಚ್ಚಿ ತೊಳೆಯಿರಿ

ಗಾಡಿ ಎಳೆಯುತ್ತಿಲ್ಲ, ಏರು ಬಂದರೆ ಕಪ್ಪು ಹೊಗೆ, ಮೀಟರಿನಲ್ಲಿ ಎಂಜಿನ್ ಲೈಟು. ಈ ಮೂರೂ ಒಟ್ಟಿಗೆ ಬಂದರೆ ನಮ್ಮ ಕೋಲಾರದ ಕಡೆ ಸುಮಾರು ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ: "ಅಣ್ಣಾ, ಇಜಿಆರ್ ಬ್ಲಾಕ್ ಮಾಡ್ಬಿಡೋಣ, ಅರ್ಧ ಗಂಟೆ ಕೆಲಸ." ಇಜಿಆರ್ ಅಂದರೆ ಎಂಜಿನ್ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಬಿಡುವ ವಾಲ್ವು. ಒಂದು ತುಂಡು ತಗಡು (ಅದೇ ಪ್ಲೇಟ್) ಕತ್ತರಿಸಿ ಅದರ ಪೈಪಿನ ಬಾಯಿಗೆ ಕೊಟ್ಟು ಬೋಲ್ಟ್ ಬಿಗಿ ಮಾಡಿದರೆ ಮುಗೀತು. ದುಡ್ಡೂ ಕಡಿಮೆ, ಗಾಡಿಯೂ ಅವತ್ತು ಚೆನ್ನಾಗಿಯೇ ಎಳೆಯುತ್ತದೆ. ಹಾಗಾಗಿಯೇ ಎಲ್ಲರೂ ಅದನ್ನೇ ಮಾಡಿಸುತ್ತಾರೆ.

ನನ್ನದು ಟೊಮೇಟೊ ಹೊಡೆಯುವ ಬಿಎಸ್‌ 4 ಡೀಸೆಲ್ ಪಿಕಪ್. ಎಪಿಎಂಸಿ ಯಾರ್ಡಿನಲ್ಲಿ ಕ್ಯೂ, ಕೆ.ಆರ್. ಪುರದಲ್ಲಿ ಟ್ರಾಫಿಕ್ಕು, ಅರ್ಧ ಹೊತ್ತು ಐಡ್ಲಿಂಗಿನಲ್ಲೇ ಕಳೆಯುವ ಗಾಡಿ. ಇಂಥ ಗಾಡಿಗೆ ಇಜಿಆರ್ ಕಟ್ಟಿಕೊಳ್ಳದೆ ಇರುತ್ತದಾ? ಆದರೂ ನಾನು ಪ್ಲೇಟ್ ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಸಾವಿರ ರೂಪಾಯಿ ಆಸುಪಾಸಿನಲ್ಲಿ ನಾನೇ ಬಿಚ್ಚಿ ತೊಳೆಯುತ್ತೇನೆ. ಅದು ಹೇಗೆ ಅಂತ ಬರೆಯುತ್ತಿದ್ದೇನೆ.

ಮೊದಲು ಪ್ಲೇಟ್ ಯಾಕೆ ಬೇಡ ಅನ್ನುವುದು. ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ಇಜಿಆರ್ ವಾಲ್ವ್ ಮತ್ತೆ ಒಳಗೆ ಬಿಡುತ್ತದೆ. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಸಿಲಿಂಡರಿನೊಳಗೆ ಉರಿಯ ಕಾವು ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷಗಾಳಿ ಕಡಿಮೆ ಹುಟ್ಟುತ್ತದೆ. ಪ್ಲೇಟ್ ಹಾಕಿದರೆ ಅದು ಏರುತ್ತದೆ. "ಪಿಯುಸಿ (ಹೊಗೆ ತಪಾಸಣೆ) ಪಾಸ್ ಆಯ್ತಲ್ಲ" ಅನ್ನಬೇಡಿ. ಡೀಸೆಲ್ ಗಾಡಿಗೆ ಪಿಯುಸಿಯಲ್ಲಿ ನೋಡುವುದು ಹೊಗೆ ಎಷ್ಟು ಕಪ್ಪು ಅನ್ನುವುದನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಕಣ್ಣಿಗೆ ಕಾಣದ ಆ ಗಾಳಿ ಯಾರ್ಡಿನಲ್ಲಿ ಗಾಡಿ ಹಿಂದೆ ನಿಂತು ಕ್ರೇಟ್ ಎತ್ತುವ ಹಮಾಲರ ಎದೆಗೆ ಹೋಗುತ್ತದೆ.

ಕಾನೂನೂ ಇದೆ. ಕಂಪನಿ ಕೊಟ್ಟ ಗಾಡಿಯನ್ನು ನಮ್ಮಿಷ್ಟಕ್ಕೆ ಬದಲಾಯಿಸುವ ಹಾಗಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಮಾಲಿನ್ಯದ ಮಿತಿ ಮೀರಿದರೆ 190(2)ರಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮೇಲೆ ಮೂರು ತಿಂಗಳು ಡಿಎಲ್ ಇಲ್ಲ. ಡಿಎಲ್ ಇಲ್ಲದ ಡ್ರೈವರ್ ಮೂರು ತಿಂಗಳು ಏನು ತಿನ್ನಬೇಕು?

ಈಗ ಕೆಲಸಕ್ಕೆ ಬರೋಣ. ಸ್ಪ್ಯಾನರ್ ಹಿಡಿಯುವ ಮೊದಲು ಕೋಡ್ ಓದಿ, ಅಂದರೆ ಎಂಜಿನ್ ಲೈಟು ಯಾಕೆ ಬಂತು ಅಂತ ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಂಡ ನಂಬರು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಐನೂರರ ಆಸುಪಾಸಿಗೆ ಸಿಗುವ ಬ್ಲೂಟೂತ್ ಒಬಿಡಿ ಡಾಂಗಲ್ (ಕೋಡ್ ಓದುವ ಸಣ್ಣ ಡಬ್ಬಿ) ಅದಕ್ಕೆ ಚುಚ್ಚಿದರೆ ಮೊಬೈಲಿನಲ್ಲೇ ಕಾಣುತ್ತದೆ. ಗೆಳೆಯರು ಮೂರ್ನಾಲ್ಕು ಜನ ಸೇರಿ ಒಂದು ತಗೊಂಡರೆ ಸಾಕು. ಪಿ0401 ಬಂದರೆ ಹೊಗೆ ಸಾಲದಷ್ಟು ಹೋಗುತ್ತಿದೆ, ದಾರಿ ಕಟ್ಟಿಕೊಂಡಿರಬಹುದು. ಪಿ0402 ಅಂದರೆ ಜಾಸ್ತಿ ಹೋಗುತ್ತಿದೆ, ವಾಲ್ವ್ ತೆರೆದುಕೊಂಡೇ ಜಾಮ್ ಆಗಿರಬಹುದು. ಪಿ0403 ಬಂದರೆ ಮಾತ್ರ ತೊಳೆಯುವ ಕೆಲಸಕ್ಕೆ ಕೈ ಹಾಕಬೇಡಿ, ಅದು ವೈರಿಂಗ್ ಕಡೆಯ ದೂರು. ಕನೆಕ್ಟರ್ ಬಿಚ್ಚಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಇಲಿ ವೈರ್ ಕಡಿದಿದೆಯಾ ಅನ್ನುವುದನ್ನಂತೂ ಮರೆಯದೆ ನೋಡಿ. ಮನೆ ಪಕ್ಕ ಹುಲ್ಲಿನ ಬಣವೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಕಾಗುವ ಸಾಮಾನು: 10, 12, 13ರ ಸ್ಪ್ಯಾನರ್ ಮತ್ತು ಸಾಕೆಟ್, ಒಂದು ಡಬ್ಬಿ ಥ್ರಾಟಲ್ ಬಾಡಿ ಕ್ಲೀನರ್ ಸ್ಪ್ರೇ, ಹಳೇ ಟೂತ್‌ಬ್ರಷ್ಷು, ಬಿದಿರಿನ ಕಡ್ಡಿ, ತುಕ್ಕು ಬಿಡಿಸುವ ಸ್ಪ್ರೇ, ಅರ್ಧ ಲೀಟರ್ ಡೀಸೆಲ್, ಗ್ಲೌಸು, ಮಾಸ್ಕು. ಜೊತೆಗೆ ಹೊಸ ಗ್ಯಾಸ್ಕೆಟ್ (ಜೋಡಿಸುವ ಕಡೆ ಸೋರದ ಹಾಗೆ ನಡುವೆ ಇಡುವ ಪದರ). ಹಳೇ ಗ್ಯಾಸ್ಕೆಟ್ಟನ್ನೇ ಪೇಸ್ಟ್ ಹಚ್ಚಿ ಕೂರಿಸುವ ಉಳಿತಾಯ ಬೇಡ. ಎಗ್ಜಾಸ್ಟಿನ (ಹೊಗೆ ಹೊರಹೋಗುವ ದಾರಿಯ) ಬಿಸಿಗೆ ಮಾಮೂಲಿ ಪೇಸ್ಟ್ ನಿಲ್ಲುವುದಿಲ್ಲ. ಮಾಸ್ಕಿನ ವಿಷಯದಲ್ಲೂ ಉದಾಸೀನ ಬೇಡ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಒಣಗಿದ ಮಸಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಮಾಡಿ ಒರೆಸಿ.

ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕಿನ ಸ್ಪ್ರೇ ಹೊಡೆದಿಡಿ. ಎಗ್ಜಾಸ್ಟ್ ಕಡೆಯ ಬೋಲ್ಟುಗಳು ಕಾದು ಕಾದು ಕಚ್ಚಿಕೊಂಡಿರುತ್ತವೆ. ಅವಸರದಲ್ಲಿ ಉದ್ದ ಪೈಪ್ ಹಾಕಿ ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ, ಆಮೇಲೆ ಲೇತ್ ಅಂಗಡಿಯವರಿಗೆ ಕೊಡುವ ದುಡ್ಡಿನಲ್ಲಿ ನಿಮ್ಮ ಬಜೆಟ್ಟೇ ಮುಗಿಯುತ್ತದೆ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಸ್ಪ್ರೇ ಹೊಡೆದು ಮತ್ತೆ ಬಿಚ್ಚಿ. ಹಾಗೆ ಆಡಿಸುತ್ತಾ ಹೋದರೆ ಬರುತ್ತದೆ.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬ್ಯಾಟರಿಯ ಮೈನಸ್ ಕೇಬಲ್ ತೆಗೆಯಿರಿ. ಯಾವ ಹೋಸ್ ಎಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ವಾಲ್ವ್ ಇರುವ ಜಾಗ ಗಾಡಿಯಿಂದ ಗಾಡಿಗೆ ಬೇರೆ. ಎಗ್ಜಾಸ್ಟ್ ಮ್ಯಾನಿಫೋಲ್ಡಿನಿಂದ ಇನ್‌ಟೇಕ್ (ಗಾಳಿ ಒಳಹೋಗುವ ದಾರಿ) ಕಡೆಗೆ ಬರುವ ಸಣ್ಣ ಲೋಹದ ಪೈಪನ್ನು ಹಿಡಿದು ಹೋದರೆ ಸಿಗುತ್ತದೆ. ತಲೆಯ ಮೇಲೆ ತಟ್ಟೆಯಂಥ ಡಬ್ಬಿ, ಅದಕ್ಕೊಂದು ತೆಳು ರಬ್ಬರ್ ಹೋಸ್ ಇದ್ದರೆ ವ್ಯಾಕ್ಯೂಮ್ ವಾಲ್ವ್. ವೈರಿನ ಕನೆಕ್ಟರ್ ಇದ್ದರೆ ಎಲೆಕ್ಟ್ರಿಕ್. ಕೂಲಂಟ್ (ಎಂಜಿನ್ ತಣಿಸುವ ನೀರು) ಹೋಸ್ ಬಿಚ್ಚಬೇಕಾಗಿ ಬಂದರೆ ಕೆಳಗೆ ಬೋಗುಣಿ ಇಡಿ. ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ. ವಾಲ್ವ್ ತೆಗೆದ ತಕ್ಷಣ ಇನ್‌ಟೇಕ್ ಬಾಯಿಗೆ ದೊಡ್ಡ ಬಟ್ಟೆ ತುರುಕಿ, ಅದರ ಬಾಲ ಹೊರಗೆ ನೇತಾಡುವ ಹಾಗೆ ಬಿಡಿ. ಒಂದು ನಟ್ಟು ಒಳಗೆ ಬಿದ್ದರೆ ಎಂಜಿನ್ ಹೋಯಿತು.

ಬಿಚ್ಚಿದ ವಾಲ್ವಿನ ಬಾಯಿ ನೋಡಿದರೆ ಗೊತ್ತಾಗುತ್ತದೆ. ಎಗ್ಜಾಸ್ಟ್ ಕಡೆ ಮಸಿ ಒಣಗಿ ಪುಡಿಯಾಗಿರುತ್ತದೆ. ಇನ್‌ಟೇಕ್ ಕಡೆ ಮಾತ್ರ ಸೌದೆ ಒಲೆಯ ಅಟ್ಟದ ಜಂತಿಗೆ ಅಂಟಿದ ಮಸಿಯ ಹಾಗೆ ಮಿರಿಮಿರಿ ಹೊಳೆಯುವ ಜಿಗುಟು. ಎಂಜಿನ್ ಬ್ರೀದರ್ ಹೋಸಿನಿಂದ ಬರುವ ಆಯಿಲ್ ಆವಿ ಮಸಿಗೆ ಸೇರಿ ಅಲ್ಲಿ ಗಟ್ಟಿಯಾಗಿರುತ್ತದೆ. ಕಿರುಬೆರಳೂ ತೂರದಷ್ಟು ದಾರಿ ಮುಚ್ಚಿರುವುದನ್ನು ಕಂಡಿದ್ದೇನೆ.

ಮೊದಲು ಬಿದಿರಿನ ಕಡ್ಡಿಯಿಂದ ದಪ್ಪ ಪದರ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ಬೇಡ, ವಾಲ್ವ್ ಕೂರುವ ಸೀಟಿಗೆ ಗೀರು ಬಿದ್ದರೆ ಅಲ್ಲಿಂದ ಸೋರುತ್ತಲೇ ಇರುತ್ತದೆ. ಆಮೇಲೆ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಟ್ಟು ಬ್ರಷ್ಷಿನಲ್ಲಿ ಉಜ್ಜಿ. ಎಲೆಕ್ಟ್ರಿಕ್ ವಾಲ್ವಾದರೆ ಮೋಟಾರು ಮೇಲೆ, ಬಾಯಿ ಕೆಳಗೆ ಇರುವ ಹಾಗೇ ಹಿಡಿಯಬೇಕು. ಹೊಡೆದ ಸ್ಪ್ರೇ ಮೋಟಾರಿಗೆ ಇಳಿದರೆ ಮುಗೀತು. ಅಂಥ ವಾಲ್ವನ್ನು ಜೋರಾಗಿ ಒತ್ತಿ ಆಡಿಸಬೇಡಿ, ಒಳಗೆ ಪ್ಲಾಸ್ಟಿಕ್ ಗಿಯರ್ ಇರಬಹುದು. ಬರೀ ಲೋಹದ ಪೈಪ್‌ಗಳನ್ನು ಡೀಸೆಲ್‌ನಲ್ಲಿ ಮುಳುಗಿಸಿಟ್ಟರೆ ಸ್ಪ್ರೇ ಉಳಿಯುತ್ತದೆ. ಕೆಲವರು ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ಅನ್ನುತ್ತಾರೆ. ಅಲ್ಯೂಮಿನಿಯಂ ಇದ್ದರೆ ಸೋಡಾ ಅದನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ಪಕ್ಕದಲ್ಲಿ ಬೀಡಿ ಹಚ್ಚಿದವನಿದ್ದರೆ ಕಥೆ ಬೇರೆಯೇ ಆಗುತ್ತದೆ.

ತೊಳೆದ ಮೇಲೆ ಒಂದು ಪರೀಕ್ಷೆ. ವಾಲ್ವ್ ಮುಚ್ಚಿರುವಾಗ ಸೀಟಿನ ಮೇಲೆ ಒಂದಿಷ್ಟು ಡೀಸೆಲ್ ಸುರಿದು ನೋಡಿ. ನಿಂತರೆ ಸರಿ, ಜರ್ರನೆ ಇಳಿದರೆ ಇನ್ನೂ ಮಸಿ ಇದೆ ಅಂತ. ವ್ಯಾಕ್ಯೂಮ್ ವಾಲ್ವಿಗೆ ಇನ್ನೊಂದು: ಸಣ್ಣ ಶುದ್ಧ ಹೋಸ್ ಸಿಕ್ಕಿಸಿ ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಒಳಗಿನ ಕಡ್ಡಿ ಮೇಲೆದ್ದು ಅಲ್ಲೇ ನಿಲ್ಲಬೇಕು. ತಾನಾಗಿ ಇಳಿದರೆ ಡಯಾಫ್ರಮ್ (ಡಬ್ಬಿಯೊಳಗಿನ ರಬ್ಬರ್ ಪೊರೆ) ಹರಿದಿದೆ, ಎಷ್ಟು ತೊಳೆದರೂ ಸುಮ್ನೆ. ಆಗ ವಾಲ್ವ್ ಬದಲಾಯಿಸಲೇಬೇಕು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಬಹುದು, ಆದರೆ ಹಳೇ ವಾಲ್ವ್ ಕೊಳ್ಳುವುದಾದರೆ ಇದೇ ಪರೀಕ್ಷೆಯನ್ನು ಅಂಗಡಿ ಮುಂದೆಯೇ ಮಾಡಿ ದುಡ್ಡು ಕೊಡಿ.

ಜೋಡಿಸುವ ಮೊದಲು ಎಲ್ಲವೂ ಪೂರ್ತಿ ಒಣಗಿರಬೇಕು. ಇನ್‌ಟೇಕ್‌ನಲ್ಲಿ ಸ್ಪ್ರೇ ನಿಂತಿದ್ದರೆ ಡೀಸೆಲ್ ಎಂಜಿನ್ನಿಗೆ ಅದೇ ಇಂಧನ, ಸ್ಟಾರ್ಟ್ ಮಾಡಿದ ಕೂಡಲೇ ಹಿಡಿತ ತಪ್ಪಿ ರೇಸ್ ಆಗಬಹುದು. ಇದೇ ಕಾರಣಕ್ಕೆ ಎಂಜಿನ್ ಓಡುತ್ತಿರುವಾಗ ಏರ್ ಪೈಪಿಗೆ ಸ್ಪ್ರೇ ಹೊಡೆಯುವ ಶಾರ್ಟ್‌ಕಟ್ ಬೇಡವೇ ಬೇಡ. ಬಟ್ಟೆ ತೆಗೆದಿರಾ ನೋಡಿಕೊಳ್ಳಿ. ಬೋಲ್ಟುಗಳನ್ನು ಕೈಯಲ್ಲಿ ಹಿಡಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಬ್ಯಾಟರಿ ಕೊಟ್ಟು ಕೋಡ್ ಅಳಿಸಿ. ಕೀ ಆನ್ ಮಾಡಿದಾಗ ಕೆಲವು ಗಾಡಿಗಳಲ್ಲಿ ವಾಲ್ವ್ ತಾನೇ ಒಮ್ಮೆ ಗುಂಯ್ ಅಂತ ತೆರೆದು ಮುಚ್ಚಿಕೊಳ್ಳುತ್ತದೆ, ಅದು ಮುಗಿಯುವ ತನಕ ಕಾದು ಸ್ಟಾರ್ಟ್ ಮಾಡಿ. ಮೊದಲ ಸಲ ಸ್ವಲ್ಪ ಕಪ್ಪು ಹೊಗೆ ಬಂದರೆ ಗಾಬರಿ ಬೇಡ.

ಇಷ್ಟು ಮಾಡಿದ ಮೇಲೂ ಬೇಗ ಬೇಗ ಕಟ್ಟುತ್ತಿದ್ದರೆ ತಪ್ಪು ಇಜಿಆರ್‌ದಲ್ಲ. ಏರ್ ಫಿಲ್ಟರ್ ನೋಡಿ, ಟರ್ಬೊ ಹೋಸಿನ ಕ್ಲಾಂಪ್ ನೋಡಿ, ಇಂಜೆಕ್ಟರ್ ಸೋರುತ್ತಿದೆಯಾ ನೋಡಿ. ನನ್ನ ಅನುಮಾನ ಮೊದಲು ಹೋಗುವುದು ಥರ್ಮೋಸ್ಟಾಟ್ ಮೇಲೆ, ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲಂಟ್ ತಡೆದು ನಿಲ್ಲಿಸುವ ವಾಲ್ವ್ ಮೇಲೆ. "ಗಾಡಿ ಹೀಟ್ ಆಗಲ್ಲ ಬಿಡಿ" ಅಂತ ಅದನ್ನು ಕಿತ್ತೆಸೆಯುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಅದಿಲ್ಲದೆ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಜಾಸ್ತಿ. ಟೆಂಪರೇಚರ್ ಮುಳ್ಳು ಹೈವೇಯಲ್ಲಿ ಯಾವಾಗಲೂ ಕೆಳಗೇ ಮಲಗಿದ್ದರೆ ಮೊದಲು ಅದನ್ನು ಹಾಕಿಸಿ. ಬಿಎಸ್‌ 6 ಗಾಡಿಯಾದರೆ ಹೊಗೆ ಫಿಲ್ಟರ್, ಸೆನ್ಸರ್‌ಗಳೆಲ್ಲ ಒಂದಕ್ಕೊಂದು ತಳುಕು ಹಾಕಿಕೊಂಡಿರುತ್ತವೆ, ಬಿಚ್ಚುವ ಮುಂಚೆ ಒಳ್ಳೆಯ ಸ್ಕ್ಯಾನರ್ ಇರುವವರಿಗೆ ತೋರಿಸಿ.

ಒಂದು ಕಡೆ ಮಾತ್ರ ತೊಳೆಯುವುದು ಕೆಲಸಕ್ಕೆ ಬರುವುದಿಲ್ಲ. ಹೊರಗೆಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದೆ, ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ ಅಂದರೆ ಇಜಿಆರ್ ಕೂಲರ್ (ಒಳಗೆ ಬಿಡುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಡಬ್ಬಿ) ಒಳಗೇ ತೂತಾಗಿರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಎಂಜಿನ್ ಬಿಚ್ಚಿಸುವ ಮೊದಲು ಕೂಲರ್ ತೆಗೆದು ರೇಡಿಯೇಟರ್ ಅಂಗಡಿಗೆ ಒಯ್ಯಿರಿ. ನೀರಿನ ದಾರಿಯ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ಕೊಟ್ಟು ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಹೊಗೆಯ ದಾರಿಯಿಂದ ಗುಳ್ಳೆ ಬಂತೋ, ಆ ಕೂಲರ್ ಬದಲಾಯಿಸುವ ತನಕ ಲೋಡ್ ಹಾಕಬೇಡಿ. ಸಿಲಿಂಡರಿಗೆ ನೀರು ಇಳಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಆ ಖರ್ಚು ನಮ್ಮಂಥವರ ಕೈಗೆ ಎಟಕುವುದಲ್ಲ.