ಒಂದೇ ತಂತಿಯ ತುಂತುಣಿ: ಕಟ್ಟುವುದು, ಶ್ರುತಿಗೂಡಿಸುವುದು, ಮಳೆಗಾಲದಲ್ಲಿ ಕಾಪಾಡುವುದು

ಮೊಬೈಲಿನಲ್ಲಿ ಅವೇ ಸಿನಿಮಾ ಹಾಡು, ಮೆರವಣಿಗೆಯಲ್ಲಿ ಎದೆ ನಡುಗಿಸುವ ಅದೇ ಡಿಜೆ. ಕಿವಿಗೆ ಬೇರೆ ಏನಾದರೂ ಬೇಕು ಅನ್ನಿಸಿದವರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಒಂದು ದನಿ ಕಾದಿದೆ: ತುಂತುಣಿ, ತೊಗಲು ಕಟ್ಟಿದ ಮರದ ಕೊಳಗಕ್ಕೆ ಒಂದೇ ತಂತಿ ಬಿಗಿದ ವಾದ್ಯ. ಸವಾಲು–ಜವಾಬಿನ ಪದ ಹಾಡುವ ಗೀಗೀ ಮೇಳದಲ್ಲಿ ಮುಂದಿನ ಹಾಡುಗಾರ ದಪ್ಪು ಬಡಿಯುತ್ತಾನೆ, ಹಿಮ್ಮೇಳದವರಲ್ಲಿ ಒಬ್ಬರ ಕೈಯಲ್ಲಿ ತಾಳ, ಇನ್ನೊಬ್ಬರ ಕೈಯಲ್ಲಿ ತುಂತುಣಿ. ಹಾಡಿನಲ್ಲಿ ಎರಡು ಪಕ್ಷ: ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿ ಸವಾಲು ಹಾಕಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಜವಾಬು ಕೊಡುತ್ತಾರೆ. ರಾತ್ರಿಯಿಡೀ ವಾದ ಎಷ್ಟೇ ಏರಲಿ, ತುಂತುಣಿ ಮಾತ್ರ ಒಂದೇ ಸ್ವರದಲ್ಲಿ ನಿಂತಿರುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ನುಡಿಸುವ ಚೌಡಿಕೆಯೂ ಇದೇ ಮನೆತನದ್ದು. ಅಲ್ಲಿಯೂ ತೊಗಲಿಗೇ ಕಟ್ಟಿದ ತಂತಿ ಹಾಡನ್ನು ನಡೆಸುತ್ತದೆ.

ಇದನ್ನು ಮನೆಯಲ್ಲೇ ಕಟ್ಟಬಹುದು. ಎರಡು ದಿನದ ಕೆಲಸ, ಒಣಗಲು ಇನ್ನೆರಡು ದಿನ. ಕಟ್ಟುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇರಬೇಕು. ಸಿತಾರ, ತಂಬೂರಿಗಳಲ್ಲಿ ತಂತಿ ಕುದುರೆಯ (ತಂತಿಯನ್ನು ಎತ್ತಿ ಹಿಡಿಯುವ ಸಣ್ಣ ತುಂಡಿನ) ಮೇಲೆ ಹಾಯುತ್ತದೆ, ಬಿಗಿಯನ್ನು ಮರ ಹೊರುತ್ತದೆ. ತುಂತುಣಿಯಲ್ಲಿ ಕುದುರೆಯೇ ಇಲ್ಲ. ತಂತಿಯ ಒಂದು ತುದಿ ನೇರವಾಗಿ ತೊಗಲಿನ ನಡುವಿಗೆ, ಇನ್ನೊಂದು ತುದಿ ಬಿದಿರಿನ ಪಟ್ಟಿಯಲ್ಲಿರುವ ಬಿರಡೆಗೆ, ಅಂದರೆ ತಂತಿ ಬಿಗಿಮಾಡುವ ಗೂಟಕ್ಕೆ. ಹೀಗಾಗಿ ತೊಗಲು ಸಡಿಲಾದರೆ ತಂತಿಯೂ ಸಡಿಲಾಗುತ್ತದೆ, ಬಿದಿರು ಬಾಗಿದರೆ ಸ್ವರವೂ ಬಾಗುತ್ತದೆ. ಇದರ ಸೊಗಸೂ ಅದೇ, ತೊಂದರೆಯೂ ಅದೇ. ಮುಂದೆ ಹೇಳುವ ಅಳತೆಗಳೆಲ್ಲ ಈ ಒಂದು ಕಾರಣಕ್ಕೆ ಇವೆ.

ಬೇಕಾದ ಸಾಮಾನು

ಮರದ ಕೊಳಗ: 8 ಇಂಚು ಎತ್ತರ, ಹೊರಗಿನಿಂದ 6 ಇಂಚು ಅಗಲ, ಎರಡೂ ಬದಿ ತೆರೆದದ್ದು. ಗೋಡೆಯ ದಪ್ಪ 8ರಿಂದ 10 ಮಿ.ಮೀ. ಸಾಗವಾನಿ, ಹಲಸು, ಶಿವನಿ ಯಾವುದಾದರೂ ಸರಿ, ಆದರೆ ಪೂರ್ತಿ ಒಣಗಿದ ಮರವೇ ಆಗಬೇಕು. ಹಸಿಮರ ಕಡೆಸಿದರೆ ಬೇಸಿಗೆಯಲ್ಲಿ ಸೀಳುತ್ತದೆ, ವಿಜಯಪುರದ ಕಡೆ ಇನ್ನೂ ಬೇಗ. ಕಡೆಯುವ ಯಂತ್ರ ಇರುವ ಬಡಿಗೇರರಿಗೆ ಕೊಳಗ ತಿರುಗಿಸುವುದು ಅರ್ಧ ದಿನದ ಕೆಲಸ.

ಬಿದಿರಿನ ಪಟ್ಟಿ: 26 ಇಂಚು ಉದ್ದ, ಒಂದೂಕಾಲು ಇಂಚು ಅಗಲ, 10ರಿಂದ 12 ಮಿ.ಮೀ. ದಪ್ಪ. ಗಟ್ಟಿ ಬಿದಿರು ಬೇಕು. ಬೆರಳಿನಿಂದ ಬಡಿದರೆ ಟಣ್ ಎನ್ನಬೇಕು. ಮಂಕಾಗಿ ಸದ್ದು ಮಾಡಿದರೆ ಒಳಗೆ ಹಸಿ ಇದೆ, ಇಲ್ಲವೇ ಹುಳು ಹಿಡಿದಿದೆ.

ಆಡಿನ ತೊಗಲು: ಕೂದಲು ತೆಗೆದ, ಹದ ಮಾಡದ ಹಸಿ ತೊಗಲಿನದು, 10 ಇಂಚು ಅಗಲದ ದುಂಡು. ಚಪ್ಪಲಿಗೆ, ಚೀಲಕ್ಕೆ ಹದ ಮಾಡಿದ ಚರ್ಮ ಕೆಲಸಕ್ಕೆ ಬರುವುದಿಲ್ಲ. ಅದು ಮೆತ್ತಗಿದ್ದು ದನಿಯನ್ನು ನುಂಗುತ್ತದೆ. ದಪ್ಪು, ಹಲಗೆ ಕಟ್ಟುವವರ ಹತ್ತಿರ ಕೇಳಿದರೆ ಸರಿಯಾದದ್ದು ಸಿಗುತ್ತದೆ. ಬೆಳಕಿಗೆ ಹಿಡಿದು ನೋಡಿ: ನಡುವೆ ಗೀರು, ತೂತು, ತೆಳುವಾದ ಜಾಗ ಇರಬಾರದು. ತಂತಿಯ ಎಳೆತ ಬೀಳುವುದು ಅಲ್ಲಿಯೇ.

ಉಳಿದವು: 0.35 ಮಿ.ಮೀ. ಉಕ್ಕಿನ ತಂತಿ ಒಂದು ಮೀಟರ್ (ವಾದ್ಯದ ಅಂಗಡಿಯಲ್ಲಿ ತಂತಿಯನ್ನು ಈ ಅಳತೆಯಲ್ಲೇ ಕೇಳಿ), 4 ಇಂಚಿನ ಗಟ್ಟಿ ಮರದ ಬಿರಡೆ, ವಾಷರಿನೊಂದಿಗೆ ಎರಡು ಬೋಲ್ಟು, ಹತ್ತಿಯ ಹುರಿ ಎರಡು ಮೀಟರ್, ರೂಪಾಯಿ ನಾಣ್ಯದಷ್ಟು ಅಗಲದ ದಪ್ಪ ಚರ್ಮದ ಬಿಲ್ಲೆ, ಒಂದು ಹಿತ್ತಾಳೆ ಗುಂಡಿ.

ಅಂಟು ಮತ್ತು ತೊಗಲು

ಒಂದು ಹಿಡಿ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನುಣ್ಣಗೆ ಅರೆದು, ನೀರು ಕೂಡಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಸೌಟಿನಿಂದ ಎತ್ತಿದರೆ ಎಳೆಯಾಗಿ ಇಳಿಯುವ ಹದಕ್ಕೆ ಬಂದಾಗ ಇಳಿಸಿ. ಅಡಿ ಹಿಡಿದರೆ ಅಂಟು ಕೆಡುತ್ತದೆ. ಹುಳು ತೊಗಲಿಗೂ ಬರುತ್ತದೆ, ಅಂಟಿಗೂ ಬರುತ್ತದೆ. ಅದಕ್ಕೆ ಆರಿದ ಅಂಟಿಗೆ ಒಂದು ಚಿಟಿಕೆ ಮೈಲುತುತ್ತದ ಪುಡಿ ಬೆರೆಸಿ. ಮೈಲುತುತ್ತ ವಿಷ: ಅಡುಗೆಯ ಪಾತ್ರೆ ಬೇಡ, ಮಕ್ಕಳ ಕೈಗೆ ಸಿಗಬಾರದು, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ತೊಗಲನ್ನು ತಣ್ಣೀರಿನಲ್ಲಿ ಒಂದೆರಡು ತಾಸು ನೆನೆಸಿ, ಒದ್ದೆ ಬಟ್ಟೆಯಂತೆ ಮಡಚುವಷ್ಟು ಮೆತ್ತಗಾಗಬೇಕು. ಬೇಗ ಆಗಲಿ ಎಂದು ಬಿಸಿನೀರು ಹಾಕಬೇಡಿ. ಬಿಸಿಗೆ ತೊಗಲು ಮುದುಡಿ ಸತ್ವ ಕಳೆದುಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಕೊಳಗದ ಒಂದು ಬಾಯಿಯ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿ, ಚೂಪಾಗಿದ್ದರೆ ತೊಗಲನ್ನು ಕತ್ತರಿಸುತ್ತದೆ. ಅಂಚಿನಿಂದ ಕೆಳಗೆ ಎರಡು ಇಂಚು ಸುತ್ತಲೂ ಅಂಟು ಹಚ್ಚಿ. ತೊಗಲಿನ ನೀರು ಒರೆಸಿ ಬಾಯಿಯ ಮೇಲೆ ಹಾಸಿ, ಕೂದಲಿದ್ದ ಬದಿ ಹೊರಗಿರಲಿ. ಹುರಿಯನ್ನು ನಾಲ್ಕೈದು ಸುತ್ತು ಬಿಗಿದು ಕಟ್ಟಿ. ಆಮೇಲೆ ಅಂಚನ್ನು ಎದುರುಬದುರಾಗಿ ಎಳೆಯುತ್ತ ಹೋಗಿ: ಮೊದಲು ಮೂಡಣ–ಪಡುವಣ, ನಂತರ ತೆಂಕಣ–ಬಡಗಣ, ಆಮೇಲೆ ಮೂಲೆಗಳು. ಒಂದೇ ಬದಿಯಿಂದ ಸುತ್ತುತ್ತ ಎಳೆದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲು ಉಳಿದು ಸ್ವರ ಒಡೆದು ಕೇಳಿಸುತ್ತದೆ.

ಎಷ್ಟು ಬಿಗಿ ಎಳೆಯಬೇಕು ಎನ್ನುವುದು ಊರಿನ ಮೇಲೆ. ವಿಜಯಪುರ, ಸಿಂದಗಿ, ಇಂಡಿಯ ಒಣಗಾಳಿಯಲ್ಲಿ ಹಸಿ ತೊಗಲು ನಡುವೆ ಬೆರಳಿಟ್ಟರೆ ಚೂರು ತಗ್ಗುವಷ್ಟಿರಲಿ, ಒಣಗಿದಾಗ ತಾನೇ ಬಿಗಿದುಕೊಳ್ಳುತ್ತದೆ. ಅಲ್ಲಿ ಪೂರ್ತಿ ಎಳೆದು ಕಟ್ಟಿದರೆ ಏಪ್ರಿಲ್ ತಿಂಗಳಲ್ಲಿ ಅಂಚಿನಲ್ಲಿ ಹರಿಯುವುದು ಖಂಡಿತ. ಬೆಳಗಾವಿ, ಖಾನಾಪುರದ ತೇವದಲ್ಲಿ ಕೈಲಾದಷ್ಟು ಬಿಗಿಯಾಗಿ ಕಟ್ಟಿ. ಬಾಗಲಕೋಟೆಯವರು ಇವೆರಡರ ನಡುವೆ.

ನೆರಳಿನಲ್ಲಿ ಎರಡು ದಿನ ಒಣಗಲಿ. ಬಿಸಿಲಿಗಿಟ್ಟರೆ ಮೇಲ್ಪದರ ಮೊದಲು ಒಣಗಿ ಅಂಟು ಕೂಡುವ ಮೊದಲೇ ಅಂಚು ಜಾರುತ್ತದೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿ. ಸುತ್ತಲೂ ಒಂದೇ ದನಿ ಬಂದರೆ ಗೆದ್ದಿರಿ. ಎಲ್ಲಾದರೂ ಬದ್ ಎಂದರೆ ಆ ಜಾಗಕ್ಕೆ ಒದ್ದೆ ಬಟ್ಟೆ ಇಟ್ಟು ಮೆತ್ತಗೆ ಮಾಡಿ ಮತ್ತೆ ಎಳೆಯಬಹುದು.

ಬಿದಿರು, ಬಿರಡೆ, ತಂತಿ

ತೊಗಲು ಕಟ್ಟಿದ ಬಾಯಿ ಕೆಳಗೆ. ಬಿದಿರಿನ ಪಟ್ಟಿಯನ್ನು ಕೊಳಗದ ಹೊರಮೈಗೆ ನಿಲ್ಲಿಸಿ, ಬುಡ ತೊಗಲಿನಿಂದ ಒಂದು ಇಂಚು ಮೇಲಿರಲಿ. ಎರಡು ಬೋಲ್ಟು, ನಡುವೆ ಕನಿಷ್ಠ 4 ಇಂಚು ಅಂತರ. ಬೋಲ್ಟು ಹಾಕುವ ಮೊದಲು ಸಣ್ಣ ತೂತು ಕೊರೆದು ಆಮೇಲೆ ದೊಡ್ಡದು ಮಾಡಿ, ಮೊಳೆ ಹೊಡೆದರೆ ಬಿದಿರು ಉದ್ದಕ್ಕೆ ಸೀಳುತ್ತದೆ. ಮೇಲಿನ ತುದಿಯಿಂದ 3 ಇಂಚು ಕೆಳಗೆ ಬಿರಡೆಯ ತೂತು. ಬಿರಡೆ ಹೊರಗಿನಿಂದ ಒಳಕ್ಕೆ ಹೋಗಿ, ತುದಿ ಒಂದು ಇಂಚು ಒಳಬದಿಗೆ ಚಾಚಿರಬೇಕು. ಬಿರಡೆಯೂ ತೂತೂ ಒಂದೇ ಓರೆಯಲ್ಲಿ ಇಳಿಜಾರಾಗಿರಲಿ. ನೇರ ತೂತಿನಲ್ಲಿ ನೇರ ಬಿರಡೆ ಎಂದೂ ನಿಲ್ಲುವುದಿಲ್ಲ.

ಈಗ ನಾಜೂಕಿನ ಕೆಲಸ. ತೊಗಲಿನ ಸರಿ ನಡುವನ್ನು ಗುರುತಿಸಿ ದಬ್ಬಣದ ಮೊನೆಯಿಂದ ಸಣ್ಣ ತೂತು ಮಾಡಿ. ತಂತಿಯ ತುದಿಯನ್ನು ಹಿತ್ತಾಳೆ ಗುಂಡಿಗೆ ಸುತ್ತಿ ಹೊಸೆದು, ಚರ್ಮದ ಬಿಲ್ಲೆಯೊಳಗೆ ಪೋಣಿಸಿ, ಹೊರಗಿನಿಂದ ತೊಗಲಿನ ತೂತಿಗೆ ಹಾಕಿ ಒಳಗಿಂದ ಮೇಲಕ್ಕೆ ಎಳೆಯಿರಿ. ಗುಂಡಿ ಹೊರಗೆ, ಅದಕ್ಕೂ ತೊಗಲಿಗೂ ನಡುವೆ ಬಿಲ್ಲೆ. ಬಿಲ್ಲೆ ಬಿಟ್ಟು ಬರೀ ಗುಂಡಿ ಹಾಕಿದರೆ ಎಳೆತವೆಲ್ಲ ಒಂದೇ ಚುಕ್ಕೆಯ ಮೇಲೆ ಬಿದ್ದು ತೊಗಲು ನಕ್ಷತ್ರದ ಆಕಾರದಲ್ಲಿ ಹರಿಯುತ್ತದೆ. ಮೇಲಿನ ತುದಿಯನ್ನು ಬಿರಡೆಯ ಸಣ್ಣ ತೂತಿನಲ್ಲಿ ಸೇರಿಸಿ ನಾಲ್ಕು ಸುತ್ತು ಸುತ್ತಿ. ತಂತಿಯ ನುಡಿಯುವ ಉದ್ದ ಸುಮಾರು 24 ಇಂಚು ಬರುತ್ತದೆ.

ಶ್ರುತಿ

ಹೆಚ್ಚಿನ ತುಂತುಣಿಗಳು ಹಾಳಾಗುವುದು ಇಲ್ಲಿಯೇ. ಹಾಡುವ ಗಂಡಸಿನ ಷಡ್ಜ (ಸಾ) ಕಾಳಿ ಏಕ್, ಅಂದರೆ ಹಾರ್ಮೋನಿಯಂನ ಮೊದಲ ಕರಿಮನೆ ಎಂದುಕೊಳ್ಳೋಣ. ಹಾರ್ಮೋನಿಯಂನ ನಡುವಿನ ಸಪ್ತಕದ ಕಾಳಿ ಏಕ್ ಒತ್ತಿಕೊಂಡು ತಂತಿಯನ್ನು ಅಲ್ಲಿಯವರೆಗೆ ಏರಿಸಲು ಹೋಗುತ್ತಾರೆ, ತೊಗಲು ಹರಿಯುತ್ತದೆ. ತುಂತುಣಿ ನಿಲ್ಲಬೇಕಾದದ್ದು ಎಡಗಡೆಯ ಮಂದ್ರ ಸಪ್ತಕದ ಕಾಳಿ ಏಕ್‌ನಲ್ಲಿ. 24 ಇಂಚಿನ 0.35 ಮಿ.ಮೀ. ತಂತಿ ಆ ಸ್ವರಕ್ಕೆ ಬಂದಾಗ ತೊಗಲಿನ ಮೇಲೆ ಬೀಳುವ ಎಳೆತ ಸುಮಾರು 2 ಕಿಲೋ. ಅದೇ ತಂತಿಯನ್ನು ಒಂದು ಸಪ್ತಕ ಮೇಲೇರಿಸಿದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 8 ಕಿಲೋಗೂ ಮೀರುತ್ತದೆ. ಆಡಿನ ತೊಗಲಿನ ಒಂದು ತೂತು ಅಷ್ಟು ಹೊರಲಾರದು.

ಹೆಣ್ಣುಮಕ್ಕಳ ದನಿಗೆ ಕಾಳಿ ಚಾರ್ (ನಾಲ್ಕನೆಯ ಕರಿಮನೆ) ಬೇಕೆಂದರೆ ತಂತಿ ಬದಲಿಸಿ, 0.25 ಮಿ.ಮೀ. ಹಾಕಿ. ಅದೇ ಎಡಗಡೆಯ ಸಪ್ತಕದ ಕಾಳಿ ಚಾರ್‌ಗೆ ಎರಡೂವರೆ ಕಿಲೋ ಎಳೆತದಲ್ಲೇ ಮುಟ್ಟುತ್ತದೆ. ದಪ್ಪ ತಂತಿಯನ್ನೇ ಹಿಂಡಿ ಏರಿಸುವ ಹಟ ಬೇಡ.

ಮೊದಲು ಹಾಡುವವರು ತಮ್ಮ ಸಾ ಹಿಡಿಯಲಿ. ಬಿರಡೆ ತಿರುಗಿಸಿ ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಬನ್ನಿ. ಎರಡು ದನಿ ಹತ್ತಿರವಾದಂತೆ ವಂವ್ ವಂವ್ ಎಂದು ಅಲೆ ಕೇಳುತ್ತದೆ. ಅಲೆ ನಿಧಾನವಾಗುತ್ತ ಬಂದು ನಿಂತ ಜಾಗವೇ ಶ್ರುತಿ. ದಾಟಿ ಹೋದರೆ ಪೂರ್ತಿ ಇಳಿಸಿ ಮತ್ತೆ ಕೆಳಗಿನಿಂದಲೇ ಏರಿಸಿ, ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆ ಬೇಗ ಸಡಿಲುತ್ತದೆ. ಹೊಸ ತೊಗಲು ಮೊದಲ ವಾರ ದಿನವೂ ಹಿಗ್ಗುತ್ತದೆ, ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಇಳಿದರೆ ಗಾಬರಿಯಾಗಬೇಡಿ.

ನುಡಿಸುವುದು

ಕೊಳಗ ಎಡಗಡೆಯ ಸೊಂಟದ ಮೇಲೆ, ಎಡಗೈ ಬಿದಿರಿನ ಬುಡದಲ್ಲಿ. ತೊಗಲು ಮೈಗೆ ತಾಗಬಾರದು, ತಾಗಿದರೆ ದನಿ ಅಲ್ಲೇ ಸಾಯುತ್ತದೆ. ಬಲಗೈಯ ತೋರುಬೆರಳಿನಿಂದ ಅಥವಾ ಸಣ್ಣ ಮರದ ಚಕ್ಕೆಯಿಂದ ಮೀಟಿ. ನಡುವೆ ಮೀಟಿದರೆ ದುಂಡು ದನಿ, ಬಿರಡೆಯ ಹತ್ತಿರ ಮೀಟಿದರೆ ಚೂಪು.

ಮೊದಲ ಪಾಠ ವಾದ್ಯದ ಹೆಸರಿನಲ್ಲೇ ಇದೆ: ತುಂ–ತುಣಿ, ತುಂ–ತುಣಿ. ಒಂದು ಉದ್ದ, ಎರಡು ಗಿಡ್ಡ. ನಿಮಿಷಕ್ಕೆ 80 ‘ತುಂ’ ಬರುವ ಹಾಗೆ ಹಿಡಿದು, ಹತ್ತು ನಿಮಿಷ ಓಟ ಬದಲಾಗದಂತೆ ನುಡಿಸಿ. ಕೇಳಲು ಸುಲಭ, ಮಾಡಲು ಕಷ್ಟ. ಹಾಡು ಕಾವೇರಿದಾಗ ಕೈ ಓಡತೊಡಗುತ್ತದೆ, ದಪ್ಪಿನವನು ಏರಿಸುವ ಮೊದಲೇ ತುಂತುಣಿ ಏರಿದರೆ ಮೇಳ ಚೆದುರುತ್ತದೆ. ಮೂರರ ನಡೆಯ ಪದಕ್ಕೆ ಮೊದಲನೆಯ ಮತ್ತು ಮೂರನೆಯ ಎಣಿಕೆಯಲ್ಲಿ ಮೀಟಿ.

ಕೈ ಕೂತ ಮೇಲೆ ಎಡಗೈಯಿಂದ ಬಿದಿರನ್ನು ತಂತಿಯ ಕಡೆಗೆ ಮೆಲ್ಲಗೆ ಒತ್ತಿ ಬಿಡಿ. ಸ್ವರ ಜಾರಿ ಇಳಿದು ಮತ್ತೆ ಏರುತ್ತದೆ, ಯಾರೋ ನಿಟ್ಟುಸಿರು ಬಿಟ್ಟ ಹಾಗೆ. ಹಾರ್ಮೋನಿಯಂನ ಮನೆಗಳಲ್ಲಿ ಈ ಜಾರು ಸಿಗುವುದಿಲ್ಲ. ಸಾಲಿನ ಕೊನೆಯಲ್ಲಿ ಒಮ್ಮೆ ಸಾಕು, ಪದೇ ಪದೇ ಮಾಡಿದರೆ ಹಾಡುವವರ ಸಾ ಅಲುಗಾಡುತ್ತದೆ. ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಕ್ಕೆ ಮೋತಿ ಖಾನ್ ಎಂದು ಹೆಸರಿಟ್ಟು ಅದರ ಮೇಲೆ ಪದ ಕಟ್ಟಿದ್ದ. ಒಂದು ವಾದ್ಯದ ಜೊತೆ ದಿನವೂ ಕೂತವರಿಗೆ ಹೀಗೆ ಹೆಸರಿಡುವ ಮನಸ್ಸಾಗುವುದು ಸಹಜ.

ಜಾತ್ರೆಯಲ್ಲಿ ಮೈಕ್ ಹಿಡಿಯಬೇಕಾದರೆ ಕೊಳಗದ ತೆರೆದ ಬಾಯಿಗೆ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಬಾಯಿಯೊಳಗೇ ಇಟ್ಟರೆ ಗುಂಯ್ಗುಡುವುದು ಬಿಟ್ಟು ಬೇರೇನೂ ಕೇಳದು.

ಕೆಟ್ಟಾಗ

ಜರ್ ಎಂದು ನಡುಗುವ ಸದ್ದು ಬಂದರೆ ಮೊದಲು ಬೋಲ್ಟು ಬಿಗಿಮಾಡಿ, ಆಮೇಲೆ ತಂತಿಯ ಮಿಕ್ಕ ತುದಿ ಎಲ್ಲಾದರೂ ಬಿದಿರಿಗೆ ತಾಗುತ್ತಿದೆಯೇ ನೋಡಿ ಕತ್ತರಿಸಿ. ಬಿರಡೆ ಜಾರುತ್ತಿದ್ದರೆ ಹೊರತೆಗೆದು ಒಣ ಸೀಮೆಸುಣ್ಣ ಉಜ್ಜಿ ಒತ್ತಿ ಕೂರಿಸಿ, ಎಣ್ಣೆ ಮಾತ್ರ ಬೇಡ. ತಂತಿಗೆ ತುಕ್ಕು ಹಿಡಿದರೆ ಉಜ್ಜುತ್ತ ಕೂರದೆ ಬದಲಿಸಿ, ತುಕ್ಕು ಹಿಡಿದ ತಂತಿ ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲ, ಸ್ವರ ನೆಟ್ಟಗೆ ನಿಲ್ಲುವುದಿಲ್ಲ.

ದಿನವೂ ನುಡಿಸಿ ಮುಗಿದ ಮೇಲೆ ಬಿರಡೆಯನ್ನು ಅರ್ಧ ಸುತ್ತು ಇಳಿಸಿ ಗೂಟಕ್ಕೆ ತೂಗುಹಾಕಿ. ನೆಲದ ಮೇಲಿಟ್ಟರೆ ತೇವ, ಇಲಿ ಎರಡೂ ತೊಗಲಿಗೆ ಬರುತ್ತವೆ. ಶ್ರಾವಣದ ಭಜನೆಯ ಹೊತ್ತಿಗೆ ಬೆಳಗಾವಿಯ ಕಡೆ ಜಡಿಮಳೆ ಹಿಡಿದು ತೊಗಲು ಜೋತುಬಿದ್ದಿರುತ್ತದೆ, ಬಿರಡೆ ಎಷ್ಟು ತಿರುಗಿಸಿದರೂ ತುಂ ಎನ್ನುವ ಬದಲು ಥಪ್ ಎನ್ನುತ್ತದೆ. ಆಗ ದಪ್ಪಿನವರು ಕೆಂಡದ ಮುಂದೆ ದಪ್ಪು ಕಾಯಿಸುವ ಹಾಗೆ ತುಂತುಣಿಯನ್ನೂ ಕಾಯಿಸಬಹುದು, ಒಂದು ಎಚ್ಚರಿಕೆಯೊಂದಿಗೆ. ದಪ್ಪಿಗೆ ತಂತಿ ಇಲ್ಲ, ಇದಕ್ಕಿದೆ. ಮೊದಲು ತಂತಿಯನ್ನು ಪೂರ್ತಿ ಸಡಿಲು ಮಾಡಿ. ಕೆಂಡದಿಂದ ಒಂದು ಮೊಳ ದೂರದಲ್ಲಿ ಹಿಡಿದು ಸುತ್ತ ತಿರುಗಿಸುತ್ತ ಇರಿ, ಅಂಗೈ ಮುಟ್ಟಿಸಿದರೆ ಬೆಚ್ಚಗಿರಬೇಕು, ಸುಡಬಾರದು. ತೊಗಲು ಬಿಗಿದುಕೊಂಡ ಮೇಲೆ ಎರಡು ನಿಮಿಷ ಆರಲು ಬಿಟ್ಟು, ಆಮೇಲೆ ತಂತಿ ಏರಿಸಿ. ಮಳೆ ಜೋರಿದ್ದ ರಾತ್ರಿ ಒಂದು ತಾಸಿನ ಹಾಡಿಗೆ ಎರಡು ಸಲ ಹೀಗೆ ಮಾಡಬೇಕಾಗುತ್ತದೆ, ಕೆಂಡ ಆರದಂತೆ ನೋಡಿಕೊಳ್ಳಿ.