ಗರ್ಭಕೋಶ ತೆಗೆಸಿಕೊಂಡ ಮೇಲಿನ ಉರಿಸೆಕೆ

ಅಕ್ಕಂದಿರೇ, ತಂಗಿಯರೇ, ಮೊದಲು ಡಿಸ್ಚಾರ್ಜ್ ಕಾಗದವನ್ನು ಹುಡುಕಿ ತೆಗೆಯಿರಿ. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆಯೇ ಎಂದು ನೋಡಿ. ನನಗೆ 43ನೆಯ ವಯಸ್ಸಿನಲ್ಲಿ ಎಲ್ಲವನ್ನೂ ತೆಗೆದರು. ಮುಂದೇನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಕೆಲಸಕ್ಕೆ ಮರಳಿದ ವಾರ, ಡೊಂಬಿವಲಿಯ ಲೋಕಲ್‌ನಲ್ಲಿ ಮಹಿಳೆಯರ ಡಬ್ಬಿಯಲ್ಲಿ ನಿಂತಿದ್ದಾಗ ಎದೆಯಿಂದ ಕೆನ್ನೆಯವರೆಗೆ ಕಾವು ಏರಿ ರವಿಕೆ ತೊಯ್ದುಹೋಯಿತು. ಮುಂಬಯಿಯ ಅಕ್ಟೋಬರ್ ಸೆಕೆಯೆಂದೇ ತಿಳಿದೆ. ಡಿಸೆಂಬರ್ ಬಂದರೂ ರಾತ್ರಿ ಮೂರು ಮೂರು ಸಲ ಎದ್ದು ಬೆವರು ಒರೆಸಿಕೊಳ್ಳುತ್ತಿದ್ದೆ.

ಮುಟ್ಟು ತಾನಾಗಿ ನಿಲ್ಲುವಾಗ ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ವರ್ಷಗಟ್ಟಲೆ ಏರಿಳಿಯುತ್ತಾ ಇಳಿಯುತ್ತದೆ. ಅಂಡಾಶಯ ತೆಗೆದರೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಅದಕ್ಕೇ ಉರಿ ಇಷ್ಟು ಜೋರು. ಅಂಡಾಶಯ ಉಳಿದವರಿಗೂ ಕೆಲವೊಮ್ಮೆ ಇದು ತುಸು ಬೇಗ ಬರುತ್ತದೆ.

45ರೊಳಗಿನವರು ಸಹಿಸಿಕೊಂಡು ಕೂರಬೇಡಿ, ದಯವಿಟ್ಟು. ಸ್ತ್ರೀರೋಗ ತಜ್ಞರ ಬಳಿ ಈಸ್ಟ್ರೋಜನ್ ಬಗ್ಗೆ ಕೇಳಿ. ಸಾಮಾನ್ಯವಾಗಿ 50ರ ಆಸುಪಾಸಿನವರೆಗೆ ಕೊಡುತ್ತಾರೆ. ಮೂಳೆಗೂ ಅದು ಆಸರೆ. ಗರ್ಭಕೋಶ ಇಲ್ಲದವರಲ್ಲಿ ಹೆಚ್ಚಿನವರಿಗೆ ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬೇಕಾಗುವುದಿಲ್ಲ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಇದ್ದವರ ಮಾತು ಬೇರೆ. ಸ್ತನ ಕ್ಯಾನ್ಸರ್ ಆಗಿದ್ದರೆ, ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಯಕೃತ್ತಿನ ಕಾಯಿಲೆಯಿದ್ದರೆ ಮೊದಲೇ ತಿಳಿಸಿ. ಹಾರ್ಮೋನು ಒಗ್ಗದವರಿಗೆ ಬೇರೆ ಮಾತ್ರೆಗಳಿವೆ. ನನಗೆ ಸವರಿಕೊಳ್ಳುವ ಈಸ್ಟ್ರೋಜನ್ ಜೆಲ್ ಕೊಟ್ಟರು. ಚರ್ಮದ ಮೂಲಕ ಸೇರುವುದರಿಂದ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಆರನೆಯ ವಾರದಲ್ಲಿ ಒಂದು ರಾತ್ರಿ ಎಚ್ಚರವೇ ಆಗದೆ ಮಲಗಿದೆ. ಬೆಳಿಗ್ಗೆ ಎದ್ದು ಅತ್ತೆ.

ಉರಿ ಬಂದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಸಂಜೆ ನಾಲ್ಕರ ಫಿಲ್ಟರ್ ಕಾಫಿಯ ನಂತರ ನನಗೆ ತಪ್ಪದೆ ಬರುತ್ತಿತ್ತು. ಅದನ್ನು ಬಿಟ್ಟೆ, ಬೆಳಗಿನದನ್ನು ಉಳಿಸಿಕೊಂಡೆ. ಚೀಲದಲ್ಲಿ ಒಂದು ಒದ್ದೆ ಕರವಸ್ತ್ರ, ಒಂದು ಹತ್ತಿಯ ರವಿಕೆ ಸದಾ ಇರಲಿ. ರಾತ್ರಿ ದಪ್ಪ ಹೊದಿಕೆಯ ಬದಲು ತೆಳುವಾದ ಎರಡು ಹೊದ್ದುಕೊಳ್ಳಿ, ಒಂದನ್ನು ಸರಿಸಲು ಸುಲಭ. ರಾಗಿ ಬಿಡಬೇಡಿ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಣಕಾಲು ಒಪ್ಪಿದರೆ ಸ್ಟೇಷನ್ನಿನ ಸೇತುವೆಗೆ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ. ಮೂಳೆಗೆ ಭಾರ ಬೀಳಬೇಕು.

ಇನ್ನು, ಯೋನಿಯ ಒಣಗುವಿಕೆ, ಗಂಡನ ಜೊತೆ ಮಲಗುವಾಗಿನ ನೋವು, ಮತ್ತೆ ಮತ್ತೆ ಬರುವ ಉರಿಮೂತ್ರ. ಇವಕ್ಕೆ ಹಚ್ಚಿಕೊಳ್ಳುವ ಈಸ್ಟ್ರೋಜನ್ ಕ್ರೀಮ್ ಇದೆ. ಬಾಯಿ ಬಿಟ್ಟು ಕೇಳಲು ನನಗೆ ಎಂಟು ತಿಂಗಳು ಬೇಕಾಯಿತು. ವೈದ್ಯೆ ಚೀಟಿ ಬರೆದುಕೊಡಲು ಎರಡು ನಿಮಿಷವೂ ಹಿಡಿಯಲಿಲ್ಲ.