ಬಂಟ್ ಗೊತ್ತಿಲ್ಲದವರಿಗೆ ‘ಮಿಸ್ಟರ್ ಬೇಸ್‌ಬಾಲ್’ ತೋರಿಸುವ ಕ್ರಮ

ಮೊದಲ ಸಲ ನಾನು ಸೋತೆ. ಉಡುಪಿಯ ಬ್ರಹ್ಮಗಿರಿಯಲ್ಲಿರುವ ನಮ್ಮ ಮನೆಯ ಚಾವಡಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಹನ್ನೊಂದು ಮಂದಿಯನ್ನು ಕೂರಿಸಿ 1992ರ ಹಾಲಿವುಡ್ ಚಿತ್ರ ‘ಮಿಸ್ಟರ್ ಬೇಸ್‌ಬಾಲ್’ ಹಾಕಿದ್ದೆ. ಒಂದೂವರೆ ಗಂಟೆ ಹೊಟ್ಟೆ ಹಿಡಿದು ನಕ್ಕವರು ಕೊನೆಯ ಹೊಡೆತಕ್ಕೆ ಕಲ್ಲಿನಂತೆ ಕುಳಿತರು. “ಇಷ್ಟು ಹೊತ್ತು ಕಾದದ್ದು ಇಷ್ಟಕ್ಕೆಯೇ?” ಎಂದು ಭಾವ ಗೋಳಿಬಜೆಯ ತಟ್ಟೆಗೆ ಕೈ ಹಾಕಿದರು. ತಪ್ಪು ಚಿತ್ರದ್ದಲ್ಲ. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ ನಾನೇ ಬಂಟ್ ಎಂದರೇನೆಂದು ಹೇಳಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬಂಟ್ ಎಂದರೆ ಬಂಟ ಸಮುದಾಯದ ಯಾವ ಗುತ್ತಿನವರು ಎಂದು ಕೇಳುತ್ತಾರೆಯೇ ಹೊರತು ಬೇಸ್‌ಬಾಲ್ ಯಾರಿಗೂ ನೆನಪಾಗುವುದಿಲ್ಲ.

ಆದ್ದರಿಂದ ಚಿತ್ರ ಹಾಕುವ ಮೊದಲು ಎಲ್ಲರನ್ನೂ ಅಂಗಳಕ್ಕೆ ಇಳಿಸಿ. ಹತ್ತು ನಿಮಿಷ ಸಾಕು, ನಿಯಮಪುಸ್ತಕ ಬೇಡ. ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯಬಹುದಾದ ಚೆಂಡನ್ನು ಬಿಟ್ಟರೆ ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಔಟ್. ಮೂರು ಬೇಸ್ ದಾಟಿ ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಚೆಂಡನ್ನು ಮೈದಾನದಾಚೆ ಹಾರಿಸಿದರೆ ಹೋಮ್ ರನ್. ಇನ್ನು ಬಂಟ್: ಬ್ಯಾಟನ್ನು ಬೀಸದೆ ಅಡ್ಡ ಹಿಡಿದು, ಚೆಂಡಿಗೆ ತಾಗಿಸಿ ಕಾಲಬುಡದಲ್ಲೇ ಉರುಳಿಸುವುದು. ಹೊಡೆದವನು ಔಟಾದರೂ ಬೇಸ್‌ನಲ್ಲಿ ನಿಂತಿರುವ ಗೆಳೆಯ ಮುಂದಕ್ಕೆ ಓಡುತ್ತಾನೆ. ಬಾಯಿಯಲ್ಲಿ ಹೇಳಿದರೆ ಮರೆಯುತ್ತಾರೆ, ಟೆನಿಸ್ ಚೆಂಡಿನಲ್ಲಿ ಮಾಡಿಸಿ.

ಕಥೆಯನ್ನು ಎರಡೇ ವಾಕ್ಯದಲ್ಲಿ ಹೇಳಿ. ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಹಳಬನಾದ ಜಾಕ್ ಎಲಿಯಟ್‌ನನ್ನು ನಗೋಯಾದ ಚೂನಿಚಿ ಡ್ರ್ಯಾಗನ್ಸ್ ತಂಡಕ್ಕೆ ಕೊಟ್ಟುಬಿಡುತ್ತಾರೆ. ಅಲ್ಲಿ ತಂಡವನ್ನು ಆಡಿಸುವ ಮ್ಯಾನೇಜರ್ ಉಚಿಯಾಮಾ ಶಿಸ್ತಿನ ಮನುಷ್ಯ, ಸತತ ಏಳು ಪಂದ್ಯಗಳಲ್ಲಿ ಹೋಮ್ ರನ್ ಹೊಡೆದ ದಾಖಲೆಯೂ ಅವನದೇ. ಜಾಕ್ ಆಗಿ ಟಾಮ್ ಸೆಲೆಕ್ ಮೀಸೆಯಲ್ಲೇ ಅರ್ಧ ನಟಿಸುತ್ತಾರೆ. ಉಚಿಯಾಮಾ ಆಗಿ ಕೆನ್ ತಕಕುರಾ ಹುಬ್ಬನ್ನೂ ಅಲುಗಿಸದೆ ಗೆಲ್ಲುತ್ತಾರೆ.

ರೀತಿರಿವಾಜುಗಳಲ್ಲಿ ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು ಎಂಬುದೇ ಕಷ್ಟ. ಚಪ್ಪಲಿ ಹೊರಗೆ ಬಿಡುವುದಕ್ಕೆ ಉಡುಪಿಯಲ್ಲಿ ವ್ಯಾಖ್ಯಾನ ಬೇಡ. ಸ್ನಾನಕ್ಕೆ ಬೇಕು: ಜಪಾನಿನಲ್ಲಿ ಮೈಯನ್ನು ಹೊರಗೇ ತೊಳೆದುಕೊಂಡು ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ತೊಟ್ಟಿಯಲ್ಲೇ ಸೋಪು ಉಜ್ಜಿಕೊಳ್ಳುವುದು ನಮ್ಮ ಬಚ್ಚಲಿನ ಹಂಡೆಯೊಳಗೆ ಇಳಿದಂತೆ ಎಂದೆ, ನಗು ತಾನಾಗಿ ಬಂತು. ಊಟದ ದೃಶ್ಯಕ್ಕೆ ಮೊದಲು ಒಮ್ಮೆ ನಿಲ್ಲಿಸಿ. ನೂಡಲ್ಸನ್ನು ಸದ್ದು ಮಾಡಿ ಹೀರುವುದು ಅಲ್ಲಿ ಅಸಭ್ಯವಲ್ಲ. ಮಠದ ಪಂಕ್ತಿಯಲ್ಲಿ ಸಾರನ್ನು ಸೊರ್ರೆಂದು ಎಳೆದವರನ್ನು ಯಾರಾದರೂ ಗದರಿಸಿದ್ದುಂಟೇ? ಆದರೆ ಅನ್ನದಲ್ಲಿ ಚಾಪ್‌ಸ್ಟಿಕ್ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿದರೆ ಅದು ಸತ್ತವರಿಗೆ ಇಡುವ ಅನ್ನದಂತೆ. ಬಾಳೆಲೆಯ ತುದಿ ಯಾವ ಕಡೆಗಿದೆ ಎಂದು ಈಗಲೂ ನೋಡುವ ನಮ್ಮ ದೊಡ್ಡಮ್ಮ “ಅಯ್ಯೋ” ಎಂದರು. ಅವರಿಗೆ ಹೆಚ್ಚು ಹೇಳಬೇಕಾಗಲಿಲ್ಲ.

ಪ್ರೇಮದ ಭಾಗ ಸಾಧಾರಣ. ಕಾಫಿಗೆ ಏಳುವವರು ಆಗ ಏಳಲಿ.

“ಇದೆಲ್ಲ ಸಿನಿಮಾದವರ ಉತ್ಪ್ರೇಕ್ಷೆ” ಎನ್ನುವವನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ. ಅವನಿಗೆ ರ‍್ಯಾಂಡಿ ಬಾಸ್ ಕಥೆ ಹೇಳಿ. 1985ರಲ್ಲಿ ಜಪಾನಿನ ಹನ್ಶಿನ್ ಟೈಗರ್ಸ್ ತಂಡದ ಈ ಅಮೆರಿಕನ್ 54 ಹೋಮ್ ರನ್ ಹೊಡೆದಿದ್ದರು. ಒಂದೇ ಋತುವಿನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದ ಅಲ್ಲಿನ ದಾಖಲೆ ಆಗ ಸದಾಹರು ಓ ಅವರದು, 1964ರಲ್ಲಿ 55. ಕೊನೆಯ ಪಂದ್ಯದಲ್ಲಿ ಎದುರಾಳಿ, ಓ ಅವರೇ ಮ್ಯಾನೇಜರ್ ಆಗಿದ್ದ ಜೈಂಟ್ಸ್. ಬೌಲರುಗಳು ಚೆಂಡನ್ನು ಬ್ಯಾಟಿಗೆ ಎಟುಕದಷ್ಟು ದೂರ ದೂರ ಎಸೆದರು. ಆ ದಾಖಲೆ ಮುರಿಯಲು 2013ರವರೆಗೆ ಕಾಯಬೇಕಾಯಿತು, ಮುರಿದವರು ಕುರಸಾವೊ ದ್ವೀಪದ ವ್ಲಾದಿಮಿರ್ ಬಾಲೆಂಟಿಯನ್. ಈ ಕಥೆ ಕೇಳಿದವನಿಗೆ ಚಿತ್ರದಲ್ಲಿ ದಾಖಲೆಯ ಮಾತು ಬಂದಾಗ ಬೆನ್ನು ನೆಟ್ಟಗಾಗುತ್ತದೆ.

ಚಿತ್ರ ತೋರಿಸುವವರು ಅದರ ಕೊನೆಯನ್ನು ತಿಳಿದಿರಬೇಕು, ನೋಡುವವರಿಗೆ ಹೇಳಬಾರದು. ಜಾಕ್ ಏಳು ಪಂದ್ಯಗಳ ದಾಖಲೆಯನ್ನು ಸರಿಗಟ್ಟಿ ನಿಂತಿದ್ದಾನೆ, ಮೂರೂ ಬೇಸ್‌ಗಳಲ್ಲಿ ಆಟಗಾರರಿದ್ದಾರೆ, ಬೀಸಿ ಹೊಡೆಯಲು ಉಚಿಯಾಮಾನೇ ಒಪ್ಪಿಗೆ ಕೊಡುತ್ತಾನೆ. ಫೀಲ್ಡರುಗಳು ಹಿಂದೆ ಸರಿದದ್ದನ್ನು ಕಂಡ ಜಾಕ್ ಬಂಟ್ ಮಾಡುತ್ತಾನೆ. ಇಲ್ಲಿ ಚಿತ್ರವನ್ನು ನಿಲ್ಲಿಸಬೇಡಿ, ಕೆಮ್ಮಲೂ ಬೇಡಿ.

ಎರಡನೆಯ ಸಲ ಅದೇ ಪಂಚೆ, ಅದೇ ಹನ್ನೊಂದು ಮಂದಿ. ಬ್ಯಾಟು ಅಡ್ಡವಾದ ಕ್ಷಣಕ್ಕೆ ಭಾವ ಎದ್ದುನಿಂತು “ಓಡು, ಓಡು!” ಎಂದು ಕೂಗಿದರು. ಹಿಂದೆ ಕುಳಿತಿದ್ದ ದೊಡ್ಡಮ್ಮನಿಗೆ ಓಡಿದ್ದು ಯಾರು ಎಂದೇ ಕಾಣಲಿಲ್ಲವಂತೆ, ಮತ್ತೆ ಹಾಕಬೇಕಾಯಿತು.